ಊದುಕೊಳವೆಯ ಬೆಂಡು

ಲೆಕ್ಕವನ್ನೇ ನಂಬುವುದಾದರೆ, ನಿಪ್ಪಾಣಿಯಲ್ಲಿ ನಿಂತು ಹಾರಿಸಿದ ಗುಂಡು ಚಿಕ್ಕೋಡಿಯನ್ನು ದಾಟಿ ಬೀಳಬೇಕು. ಹಳೆಯ ಕಾಲದ ಮಸ್ಕೆಟ್ ಬಂದೂಕಿನ ಮುಕ್ಕಾಲು ಇಂಚಿನ ಸೀಸದ ಗುಂಡು ನಳಿಗೆಯಿಂದ ಹೊರಬೀಳುವಾಗ ಸೆಕೆಂಡಿಗೆ ಸುಮಾರು 510 ಮೀಟರು ವೇಗದಲ್ಲಿರುತ್ತದೆ. 45 ಡಿಗ್ರಿ ಓರೆಗೆ ಹಿಡಿದು ಹಾರಿಸಿದರೆ, ಗೆಲಿಲಿಯೊ ಕೊಟ್ಟ ಸೂತ್ರದಂತೆ ಅದು ನೆಲ ಮುಟ್ಟುವುದು 26 ಕಿಲೋಮೀಟರು ಆಚೆ. ನಿಪ್ಪಾಣಿಗೂ ಚಿಕ್ಕೋಡಿಗೂ ನೇರ ಗೆರೆ ಎಳೆದರೆ ಅಷ್ಟು ದೂರ ಬರುವುದಿಲ್ಲ. ನಿಜದ ಗುಂಡು ಮಾತ್ರ ಒಂದು ಕಿಲೋಮೀಟರಿನ ಆಸುಪಾಸಿನಲ್ಲಿ, ನಿಪ್ಪಾಣಿಯ ತಂಬಾಕಿನ ಹೊಲಗಳಲ್ಲೇ ಎಲ್ಲೋ ಬಿದ್ದುಹೋಗುತ್ತದೆ. ಉಳಿದ 25 ಕಿಲೋಮೀಟರನ್ನು ನುಂಗಿದ್ದು ಯಾವುದು?

ಈ ಪ್ರಶ್ನೆಗೆ ಅಳತೆಯ ಉತ್ತರ ಕೊಟ್ಟವನು ಬೆಂಜಮಿನ್ ರಾಬಿನ್ಸ್. ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ 1707ರಲ್ಲಿ ಹುಟ್ಟಿದ. ಮನೆಯವರು ಕ್ವೇಕರ್ ಪಂಥದವರು; ಯುದ್ಧವೇ ಪಾಪ, ಆಯುಧ ಮುಟ್ಟಬಾರದು ಎನ್ನುವ ಜನ. ಅಂಥ ಮನೆಯ ಹುಡುಗ ಗಣಿತ ಕಲಿತು, ಕೊನೆಗೆ ಬಂದೂಕಿನ ಗುಂಡಿನ ಬೆನ್ನು ಹತ್ತಿದ. ಅವನ ಮುಂದಿದ್ದ ತೊಡಕು ಸರಳವಾದದ್ದು, ಆದರೆ ಬಿಡಿಸಲಾಗದ್ದು: ಗುಂಡಿನ ವೇಗ ಅಳೆಯಲು ಸಾಧನವೇ ಇರಲಿಲ್ಲ. ಸೆಕೆಂಡಿನ ಸಾವಿರದ ಒಂದು ಪಾಲನ್ನು ಹಿಡಿಯುವ ಗಡಿಯಾರ 18ನೆಯ ಶತಮಾನದಲ್ಲಿ ಎಲ್ಲಿಂದ ಬರಬೇಕು? ಕಣ್ಣಿಗೆ ಕಾಣದ ಗುಂಡು, ಅಳೆಯಲು ಬಾರದ ಕಾಲ.

ರಾಬಿನ್ಸ್ ಕಾಲವನ್ನು ಅಳೆಯುವ ಗೋಜಿಗೇ ಹೋಗಲಿಲ್ಲ. ಮೂರು ಕಾಲಿನ ಚೌಕಟ್ಟಿಗೆ ಒಂದು ಭಾರವಾದ ಲೋಲಕ ತೂಗುಬಿಟ್ಟ. ಕಬ್ಬಿಣದ ಪಟ್ಟಿ, ಅದರ ಮೇಲೆ ದಪ್ಪ ಮರದ ಹಲಗೆ, ಎಲ್ಲ ಸೇರಿ 25 ಕಿಲೋ ತೂಕ. ಲೋಲಕದ ತಳಕ್ಕೆ ಒಂದು ರಿಬ್ಬನ್ ಪಟ್ಟಿ ಕಟ್ಟಿ, ಅದು ಒಂದು ಸೀಳಿನ ಮೂಲಕ ಜಾರಿ ಬರುವಂತೆ ಮಾಡಿದ. ಹಲಗೆಗೆ ಗುಂಡು ಹೊಡೆದ. ಗುಂಡು ಮರದಲ್ಲಿ ನೆಟ್ಟಿತು, ಲೋಲಕ ಹಿಂದಕ್ಕೆ ತೂಗಿತು, ತೂಗಿದಷ್ಟು ಪಟ್ಟಿ ಈಚೆಗೆ ಎಳೆದು ಬಂತು. ಪಟ್ಟಿಯ ಉದ್ದ ಅಳೆದರೆ ಲೋಲಕ ಎಷ್ಟು ಮೇಲೆದ್ದಿತು ಎಂಬುದು ಗೊತ್ತು. ಅದರಿಂದ ಲೋಲಕದ ವೇಗ ಗೊತ್ತು. ಅದರಿಂದ ಗುಂಡಿನ ವೇಗ. 38 ಗ್ರಾಂ ತೂಕದ ಗುಂಡಿನ ಓಟವೆಲ್ಲ 25 ಕಿಲೋ ಹಲಗೆಗೆ ಹಂಚಿಹೋದಾಗ ಸೆಕೆಂಡಿಗೆ 510 ಮೀಟರು ಎಂಬುದು ಮುಕ್ಕಾಲು ಮೀಟರಿಗೆ ಇಳಿಯುತ್ತದೆ. ಅಷ್ಟನ್ನು ಕಣ್ಣಿನಿಂದಲೇ ನೋಡಬಹುದು, ಅಳತೆಪಟ್ಟಿಯಿಂದ ಅಳೆಯಬಹುದು. 1742ರಲ್ಲಿ ಅವನು ಇದನ್ನೆಲ್ಲ ಒಂದು ಸಣ್ಣ ಪುಸ್ತಕವಾಗಿ ಅಚ್ಚು ಹಾಕಿಸಿದ. ಮೂರು ವರ್ಷದೊಳಗೆ ಆಯ್ಲರನಂಥ ಗಣಿತಜ್ಞ ಅದನ್ನು ಜರ್ಮನ್ ಭಾಷೆಗೆ ತಂದು, ಮೂಲಕ್ಕಿಂತ ಎಷ್ಟೋ ಪಾಲು ದೊಡ್ಡ ಟಿಪ್ಪಣಿ ಬರೆದ. ಯಾವ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಬಿರುದು ಬೇಕು?

ವೇಗ ಸಿಕ್ಕಿದ ಮೇಲೆ ಗಾಳಿ ಸಿಕ್ಕಿಬಿತ್ತು. ಅದೇ ಲೋಲಕವನ್ನು ದೂರ ದೂರ ಇಟ್ಟು ಹೊಡೆದಾಗ, ಹೋದಷ್ಟೂ ಗುಂಡು ಎಷ್ಟು ವೇಗ ಕಳೆದುಕೊಳ್ಳುತ್ತದೆ ಎಂಬುದು ಅಂಕಿಯಲ್ಲಿ ಬಂತು. ಅಲ್ಲಿಯವರೆಗೆ ತೋಪಿನವರಿಗೂ ಪಂಡಿತರಿಗೂ ಗಾಳಿ ಎಂದರೆ ಲೆಕ್ಕಕ್ಕಿಲ್ಲದ್ದು. ಸೀಸದಂಥ ಭಾರದ ವಸ್ತುವನ್ನು ಅದು ಏನು ಮಾಡೀತು? ರಾಬಿನ್ಸನ ಅಳತೆ ಹೇಳಿದ್ದೇ ಬೇರೆ. ನಳಿಗೆ ಬಿಟ್ಟ ಗಳಿಗೆಯಲ್ಲಿ ಗುಂಡನ್ನು ಗಾಳಿ ಹಿಂದಕ್ಕೆ ತಳ್ಳುವ ಬಲ ಗುಂಡಿನ ಸ್ವಂತ ತೂಕದ ನೂರು ಪಟ್ಟಿಗೂ ಹೆಚ್ಚು. ಶಬ್ದದ ವೇಗದ ಹತ್ತಿರ ಆ ತಡೆ ಇದ್ದಕ್ಕಿದ್ದಂತೆ ಏರುತ್ತದೆ ಎಂಬುದನ್ನೂ ಅವನು ಗುರುತಿಸಿದ. ಗುಂಡಿನ ಮೂತಿಯ ಮುಂದೆ ಗಾಳಿ ಮಡಿಚಿಕೊಂಡು ಅಲೆಯಾಗಿ ನಿಲ್ಲುವುದನ್ನು ಫೋಟೋದಲ್ಲಿ ಜಗತ್ತು ನೋಡಿದ್ದು 1887ರಲ್ಲಿ, ಎರ್ನ್‌ಸ್ಟ್ ಮಾಖ್ ಮತ್ತು ಪೀಟರ್ ಸಾಲ್ಖರ್ ಅವರ ಪ್ರಯೋಗದಿಂದ. ರಾಬಿನ್ಸ್ ಅದನ್ನು 140 ವರ್ಷ ಮೊದಲೇ, ಒಂದು ರಿಬ್ಬನ್ ಪಟ್ಟಿಯ ಉದ್ದದಲ್ಲಿ ಕಂಡಿದ್ದ.

ಇನ್ನೊಂದು ಪ್ರಯೋಗವನ್ನು ಹೇಳದೆ ಮುಂದೆ ಹೋಗಲಾರೆ. ಒಂದು ಬಂದೂಕಿನ ನಳಿಗೆಯ ತುದಿಯನ್ನು ಬೇಕೆಂದೇ ಎಡಕ್ಕೆ ಬಗ್ಗಿಸಿ ರಾಬಿನ್ಸ್ ಗುಂಡು ಹಾರಿಸಿದ. ಮುಂದೆ ಸಾಲಾಗಿ ತೆಳು ಕಾಗದದ ಪರದೆಗಳು. ಗುಂಡು ಹೊರಟದ್ದು ಎಡಕ್ಕೇ. ಆದರೆ ಪರದೆಯಿಂದ ಪರದೆಗೆ ತೂತುಗಳನ್ನು ಹಿಂಬಾಲಿಸಿ ಹೋದರೆ ಅದು ಕ್ರಮೇಣ ಬಲಕ್ಕೆ ಬಾಗಿ, ಕೊನೆಗೆ ಬಲಬದಿಯಲ್ಲಿ ಹೋಗಿ ಬಿದ್ದಿತ್ತು. ಬಾಗಿದ ನಳಿಗೆಯ ಗೋಡೆಗೆ ಉಜ್ಜಿಕೊಂಡು ಗುಂಡು ಅಡ್ಡಡ್ಡ ಸುತ್ತತೊಡಗಿತ್ತು. ಸುತ್ತುವ ಗುಂಡನ್ನು ಗಾಳಿ ಒಂದು ಬದಿಗೆ ಒತ್ತಿತ್ತು. ನೆಟ್ಟಗಿನ ನಳಿಗೆಯಲ್ಲೂ ಗುಂಡು ಹೀಗೆ ಯಾವ ಕಡೆಗಾದರೂ ಸುತ್ತಿಕೊಂಡು ಬರುತ್ತದೆ, ಆದ್ದರಿಂದಲೇ ನೂರು ಹೆಜ್ಜೆ ಆಚೆ ಗುರಿ ತಪ್ಪುತ್ತದೆ. ಇದಕ್ಕೆ ಮದ್ದು ಎಂದರೆ ಗುಂಡು ಸುತ್ತದಂತೆ ಮಾಡುವುದಲ್ಲ, ಬೇಕಾದ ದಿಕ್ಕಿನಲ್ಲಿ ಸುತ್ತುವಂತೆ ಮಾಡುವುದು. ನಳಿಗೆಯ ಒಳಗೆ ಸುರುಳಿಯಾಗಿ ಗೆರೆ ಕೊರೆದರೆ ಗುಂಡು ಬುಗುರಿಯಂತೆ ತನ್ನ ಓಟದ ಗೆರೆಯ ಸುತ್ತಲೇ ತಿರುಗುತ್ತಾ ಹೋಗುತ್ತದೆ, ನೆಟ್ಟಗೆ ಹೋಗುತ್ತದೆ. ಅದೇ ರೈಫಲ್. ಅದು ಆಗ ಹೊಸದೇನಲ್ಲ, ಜರ್ಮನಿಯ ಬೇಟೆಗಾರರ ಕೈಯಲ್ಲಿ ಇದ್ದದ್ದೇ; ಯಾಕೆ ನೆಟ್ಟಗೆ ಹೋಗುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ. 1747ರಲ್ಲಿ ರಾಬಿನ್ಸ್ ಬರೆದ: ಯಾವ ದೇಶ ಇದರ ಮರ್ಮ ಅರಿತು ಸೈನ್ಯಕ್ಕೆ ಕೊಡುತ್ತದೋ ಆ ದೇಶ ಉಳಿದವರನ್ನು ಮೀರಿಸುತ್ತದೆ. ಗುಂಡು ದುಂಡಗಿರುವುದರ ಬದಲು ಮೊಟ್ಟೆಯಾಕಾರ ಇರಲಿ ಎಂದೂ ಸೂಚಿಸಿದ.

ಈಸ್ಟ್ ಇಂಡಿಯಾ ಕಂಪನಿ ಅವನನ್ನು ಕೋಟೆಗಳ ಮೇಲಧಿಕಾರಿಯಾಗಿ ಇಲ್ಲಿಗೆ ಕಳಿಸಿತು. 1750ರಲ್ಲಿ ಬಂದ, ಮದರಾಸು ಮತ್ತು ಕಡಲೂರಿನ ಸೇಂಟ್ ಡೇವಿಡ್ ಕೋಟೆಗಳ ನಕ್ಷೆ ಹಾಕುತ್ತಾ ಕೂತ, ಜ್ವರ ಬಂದು 1751ರ ಜುಲೈ 29ರಂದು ಕಡಲೂರಿನಲ್ಲೇ ತೀರಿಕೊಂಡ. ವಯಸ್ಸು 44. ಈ ತಾರೀಖನ್ನು ನೆನಪಿನಲ್ಲಿಡಿ. ಕತೆಯಲ್ಲಿ ಇನ್ನೊಮ್ಮೆ ಬರುತ್ತದೆ.

ರಾಬಿನ್ಸನ ಮಾತನ್ನು ಸೈನ್ಯಗಳು ನೂರು ವರ್ಷ ಕೇಳಲಿಲ್ಲ. ಕೇಳದಿರಲು ಕಾರಣವೂ ಇತ್ತು. ಸುರುಳಿಗೆರೆ ಗುಂಡನ್ನು ತಿರುಗಿಸಬೇಕಾದರೆ ಗುಂಡು ನಳಿಗೆಗೆ ಬಿಗಿಯಾಗಿ ಕೂರಬೇಕು. ಆದರೆ ಆ ಕಾಲದ ಬಂದೂಕಿಗೆ ತುಂಬುವುದು ಮೂತಿಯಿಂದ. ಬಿಗಿಯಾದ ಗುಂಡನ್ನು ಮೂತಿಯಿಂದ ಬುಡದವರೆಗೆ ಗಜದಿಂದ ತಳ್ಳಬೇಕಾದರೆ ಸುತ್ತಿಗೆ ಪೆಟ್ಟು ಬೇಕು, ನಿಮಿಷಗಟ್ಟಲೆ ಹೊತ್ತು ಬೇಕು. ಬೇಟೆಗಾರನಿಗೆ ಅಷ್ಟು ಹೊತ್ತು ಇರುತ್ತದೆ, ಎದುರಾಳಿ ಓಡಿಬರುತ್ತಿರುವ ಸಿಪಾಯಿಗೆ ಇರುವುದಿಲ್ಲ. ಸಡಿಲ ಗುಂಡು ಬೇಗ ಇಳಿಯುತ್ತದೆ, ಆದರೆ ಗೆರೆ ಹಿಡಿಯುವುದಿಲ್ಲ. ಇಳಿಯುವಾಗ ಸಡಿಲ, ಏರುವಾಗ ಬಿಗಿ, ಹೀಗೆ ಎರಡೂ ಆಗಬೇಕು.

ಇದಕ್ಕೆ ಉತ್ತರ ಇದ್ದದ್ದು ದಕ್ಷಿಣ ಭಾರತದ ಕಾಡಿನಲ್ಲಿ. 1820ರ ದಶಕದಲ್ಲಿ ಬ್ರಿಟಿಷರ 34ನೆಯ ರೆಜಿಮೆಂಟಿನ ಕ್ಯಾಪ್ಟನ್ ಜಾನ್ ನಾರ್ಟನ್ ಇಲ್ಲಿ ಇದ್ದಾಗ, ಬೇಟೆಗಾರರು ಊದುಕೊಳವೆಯಿಂದ ಹಕ್ಕಿ ಹೊಡೆಯುವುದನ್ನು ಗಮನಿಸಿದನಂತೆ. ಬಂದೂಕಿನ ಚರಿತ್ರೆ ಬರೆದವರೆಲ್ಲ ಈ ಕತೆ ಹೇಳುತ್ತಾರೆ. ಉದ್ದ ಕೊಳವೆ, ಒಳಗೆ ಸಣ್ಣ ಬಾಣ, ಬಾಣದ ಬುಡಕ್ಕೆ ತಾವರೆ ದಂಟಿನ ಬೆಂಡು. ಬೆಂಡು ಹಗುರ, ಮೆತ್ತಗೆ, ಕೊಳವೆಯೊಳಗೆ ಸಲೀಸಾಗಿ ಜಾರುತ್ತದೆ. ಉಸಿರು ಬಿಗಿಹಿಡಿದು ಊದಿದ ಕೂಡಲೇ ಆ ಒತ್ತಡಕ್ಕೆ ಬೆಂಡು ಅರಳಿ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಉಸಿರು ಸಂದಿಯಿಂದ ಸೋರಿಹೋಗದೆ ಅಷ್ಟೂ ಬಾಣದ ಬೆನ್ನಿಗೆ ಬೀಳುತ್ತದೆ. ನಾರ್ಟನ್ ಅದನ್ನು ಸೀಸದಲ್ಲಿ ಮಾಡಿದ. ಮೂತಿ ಚೂಪು, ಬುಡ ಟೊಳ್ಳು. ಸಡಿಲವಾಗಿ ಇಳಿಸಿ, ಮದ್ದು ಸಿಡಿದಾಗ ಅನಿಲ ಟೊಳ್ಳಿನೊಳಗೆ ನುಗ್ಗಿ ಬುಡವನ್ನು ಅರಳಿಸುತ್ತದೆ, ಸೀಸ ಗೆರೆಗಳಿಗೆ ಕಚ್ಚುತ್ತದೆ. ಸಾಹೇಬನ ಹೆಸರು ಪುಸ್ತಕದಲ್ಲಿ ಉಳಿಯಿತು. ಕೊಳವೆ ಊದಿದವನು ಯಾರು, ಯಾವ ಜಾತಿ, ಯಾವ ಊರು ಎಂದು ಯಾರೂ ಬರೆದಿಡಲಿಲ್ಲ.

ಬ್ರಿಟಿಷ್ ಸೈನ್ಯ ನಾರ್ಟನನ ಗುಂಡನ್ನು ತಿರಸ್ಕರಿಸಿತು. 1830ರ ದಶಕದಲ್ಲಿ ವಿಲಿಯಂ ಗ್ರೀನರ್ ಎಂಬ ಬಂದೂಕು ತಯಾರಕ ಇದೇ ತತ್ವದ ಗುಂಡು ಮಾಡಿ ತಂದಾಗ ಅವನಿಗೂ ಬಾಗಿಲು ತೋರಿಸಿತು. 1849ರಲ್ಲಿ ಫ್ರಾನ್ಸಿನ ಕ್ಲೋಡ್ ಎತಿಯೆನ್ ಮಿನಿಯೆ ಮಾಡಿದಾಗ ಮಾತ್ರ ಕಣ್ಣು ತೆರೆದು, ಅವನಿಗೆ 20,000 ಪೌಂಡು ಕೊಟ್ಟು ಹಕ್ಕು ಕೊಂಡಿತು. ಗ್ರೀನರ್ ಜಗಳ ತೆಗೆದ ಮೇಲೆ ಅವನಿಗೆ 1,000 ಪೌಂಡು ಸಿಕ್ಕಿತು. ಹೊರಗಿನವನು ಹೇಳಿದರೆ ಮಾತ್ರ ಕೇಳುವ ರೋಗ ನಮ್ಮ ಕಚೇರಿಗಳಿಗೆ ಮಾತ್ರ ಇದ್ದದ್ದಲ್ಲ.

ಇಂಥ ಗುಂಡು ಹಾರಿಸಲು ಮಾಡಿದ ಬಂದೂಕೇ 1853ರ ಎನ್‌ಫೀಲ್ಡ್ ರೈಫಲ್. ಕಾಗದದ ಕೊಳವೆಯೊಳಗೆ ಅಳತೆಯ ಮದ್ದು, ತುದಿಯಲ್ಲಿ ಗುಂಡು; ಇದು ಕಾಡತೂಸು. ಒಂದು ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದು ಸುರಿದು, ಗುಂಡನ್ನು ಕಾಗದದ ಸಮೇತ ಗಜದಿಂದ ಇಳಿಸಬೇಕು. ಜಾರಲಿ ಎಂದು ಕಾಗದಕ್ಕೆ ಕೊಬ್ಬು ಸವರಿರುತ್ತದೆ. ಮುಂದಿನದ್ದು ಶಾಲೆಯ ಪಾಠದಲ್ಲಿದೆ. 1857ರ ಜನವರಿಯಲ್ಲಿ, ಕಲ್ಕತ್ತೆಯ ಪಕ್ಕದ ದಮ್‌ದಮ್ ಶಸ್ತ್ರಾಗಾರದಲ್ಲಿ, ಖಲಾಸಿಯೊಬ್ಬ ನೀರು ಕೇಳಿದಾಗ ಬ್ರಾಹ್ಮಣ ಸಿಪಾಯಿ ಲೋಟ ಮೈಲಿಗೆಯಾಗುತ್ತದೆಂದು ಕೊಡಲಿಲ್ಲ. ನಿಮ್ಮ ಜಾತಿ ಇನ್ನೆಷ್ಟು ದಿನ, ಹಸುವಿನ, ಹಂದಿಯ ಕೊಬ್ಬು ಕಚ್ಚಬೇಕಾಗುತ್ತದೆ ನೋಡು ಎಂದು ಖಲಾಸಿ ಹಂಗಿಸಿದ. ಮಾತು ಹಬ್ಬಿತು, ಉತ್ತರ ಹಿಂದೂಸ್ತಾನ ಹೊತ್ತಿ ಉರಿಯಿತು.

ಅದರ ಕಿಡಿ ಕೃಷ್ಣೆ, ಘಟಪ್ರಭೆಯ ನಾಡಿಗೂ ಬಂತು, ಬೇರೆ ದಾರಿಯಲ್ಲಿ. ಜನರ ಕೈಯಲ್ಲಿರುವ ಆಯುಧ ಕಂಡು ಬೆದರಿದ ಕಂಪನಿ ಅದೇ ವರ್ಷ ನಿಶ್ಶಸ್ತ್ರೀಕರಣದ ಕಾಯ್ದೆ ತಂದಿತು. ಎಲ್ಲರೂ ಹತಾರ ಒಪ್ಪಿಸಬೇಕು, ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಾರದು. ರಾಯಬಾಗದಿಂದ ಪೂರ್ವಕ್ಕೆ, ಮುಧೋಳದ ಘೋರ್ಪಡೆ ಸಂಸ್ಥಾನಕ್ಕೆ ಸೇರಿದ ಹಲಗಲಿ ಎಂಬ ಪುಟ್ಟ ಊರು. ಅಲ್ಲಿನ ಬೇಡರಿಗೆ ಬಂದೂಕು ಎಂದರೆ ಅಲಂಕಾರವಲ್ಲ, ಅನ್ನ. ಮದ್ದು ಎಷ್ಟು ಹಾಕಬೇಕು, ಮೇಲೆ ಬಟ್ಟೆಯ ಉಂಡೆ ಎಷ್ಟು ಬಿಗಿಯಿರಬೇಕು, ಚರೆ ಯಾವಾಗ, ಒಂಟಿ ಗುಂಡು ಯಾವಾಗ, ಚಿಗರಿಗೆ ಎಷ್ಟು ಹತ್ತಿರ ಹೋದರೆ ಕುದುರೆ ಎಳೆಯಬಹುದು: ಇದೆಲ್ಲ ತಂದೆಯಿಂದ ಮಗನಿಗೆ ಬಂದ ಲೆಕ್ಕ, ಕಾಗದದ ಮೇಲೆ ಇಲ್ಲದ ಲೆಕ್ಕ. ಹತಾರ ಕೊಡುವುದಿಲ್ಲ ಎಂದರು. ನವೆಂಬರ್ ಕೊನೆಗೆ ಕಂಪನಿಯ ಪಡೆ ಊರಿಗೆ ಬಂತು, ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೆ ಹಾಕಿದರು. ಅದರ ಮೇಲೆ ಕಟ್ಟಿದ ಲಾವಣಿಯನ್ನು ಹತ್ತನೆಯ ತರಗತಿಯ ಪಠ್ಯದಲ್ಲಿ ಓದಿದವರು ನಮ್ಮಲ್ಲಿ ಸಾಕಷ್ಟು ಜನ ಇದ್ದಾರೆ.

ಬೇಟೆಗಾರನ ಬೆಂಡಿನಿಂದ ಹೊರಟ ಯುಕ್ತಿ ಪ್ಯಾರಿಸ್ಸಿಗೆ ಹೋಗಿ, ಕಾಡತೂಸಾಗಿ ದಮ್‌ದಮ್ಮಿಗೆ ಬಂದು, ದಂಗೆಯಾಗಿ, ಕಾಯ್ದೆಯಾಗಿ ಕೊನೆಗೆ ಬೇಟೆಗಾರನ ಕೊರಳಿಗೇ ಬಿತ್ತು. ಯಾರೂ ಯೋಜಿಸಿ ಮಾಡಿದ್ದಲ್ಲ ನಿಜ. ಆದರೆ ಗುಂಡಿನ ವಿಜ್ಞಾನದ ಚರಿತ್ರೆ ಓದುವಾಗ ಈ ಎರಡು ತುದಿಗಳನ್ನು ಒಟ್ಟಿಗೆ ಇಟ್ಟು ನೋಡಿದವರನ್ನು ನಾನು ಕಾಣೆ.

ಬಂದೂಕು ಕಳೆದುಕೊಂಡವರ ತಿಳಿವಳಿಕೆ ಅವರೊಂದಿಗೆ ಹೋಯಿತು. ಉಳಿದದ್ದು ಸಾಹೇಬರ ಪುಸ್ತಕ. ಒಳ್ಳೆಯ ಪುಸ್ತಕಗಳೇ, ಅದನ್ನು ಒಪ್ಪಬೇಕು. ಮಧ್ಯ ಭಾರತದ ಕಾಡುಗಳಲ್ಲಿದ್ದ ಜೇಮ್ಸ್ ಫೋರ್ಸಿತ್ 1863ರಲ್ಲಿ ಬೇಟೆಯ ರೈಫಲ್ ಮತ್ತು ಅದರ ಗುಂಡುಗಳ ಮೇಲೆ ಒಂದು ಪುಸ್ತಕ ಬರೆದ. ಎಲ್ಲರೂ ಉದ್ದನೆಯ ಚೂಪು ಗುಂಡಿನ ಭಜನೆ ಮಾಡುತ್ತಿದ್ದಾಗ ಅವನು ದುಂಡು ಗುಂಡಿಗೇ ಮರಳಿ ಎಂದ. ಹುಚ್ಚು ಅನಿಸಬಹುದು, ಲೆಕ್ಕ ನೋಡಿ. ಉದ್ದ ಗುಂಡು ಭಾರ, ನಿಧಾನ. ಸೆಕೆಂಡಿಗೆ 300 ಮೀಟರು ಹೋಗುವ ಗುಂಡು ನೂರು ಮೀಟರು ಸೇರುವಷ್ಟರಲ್ಲಿ ಅರ್ಧ ಮೀಟರಿಗೂ ಹೆಚ್ಚು ಕೆಳಗೆ ಬೀಳುತ್ತದೆ, ನೂರೈವತ್ತಕ್ಕೆ ಒಂದೂಕಾಲು ಮೀಟರು. ಮೈದಾನದಲ್ಲಿ ದೂರ ಅಳೆದು ಹೊಡೆಯುವ ಸಿಪಾಯಿಗೆ ಇದು ಸರಿ. ಕಾಡಿನಲ್ಲಿ ಮರದ ಸಂದಿಯಿಂದ ಕಂಡ ಕಡವೆ ನೂರು ಮೀಟರೋ ನೂರೈವತ್ತೋ ಯಾರಿಗೆ ಗೊತ್ತು? ಅಂದಾಜು ತಪ್ಪಿದರೆ ಗುಂಡು ಎದೆಗೆ ಬೀಳುವ ಬದಲು ಕಾಲಿಗೆ. ಹಗುರ ದುಂಡು ಗುಂಡಿಗೆ ಮದ್ದು ಹೆಚ್ಚು ಹಾಕಿ 500 ಮೀಟರು ವೇಗ ಕೊಟ್ಟರೆ ಅದೇ ನೂರು ಮೀಟರಿನಲ್ಲಿ ಇಳಿತ ಅರ್ಧಕ್ಕೆ ಬರುತ್ತದೆ. ನೂರೈವತ್ತರ ಆಚೆ ಗಾಳಿ ಅದನ್ನು ತಡೆದು ನಿಲ್ಲಿಸುತ್ತದೆ ನಿಜ. ಕಾಡಿನಲ್ಲಿ ಅಷ್ಟು ದೂರ ಯಾರು ನೋಡುತ್ತಾರೆ? ಅಷ್ಟು ಮದ್ದಿಗೆ ದುಂಡು ಗುಂಡು ಗೆರೆ ಬಿಟ್ಟು ಜಾರಿಬಿಡಬಾರದೆಂದು ಫೋರ್ಸಿತ್ ಗೆರೆಯ ತಿರುವನ್ನೇ ಸಡಿಲ ಮಾಡಿಸಿದ: ಗುಂಡು ನಳಿಗೆಯೊಳಗೆ ಸುತ್ತುವುದು ಹೆಚ್ಚೆಂದರೆ ಕಾಲು ಸುತ್ತು. ಬೇಟೆಯ ಗುಂಡು ಬೇರೆ, ಯುದ್ಧದ ಗುಂಡು ಬೇರೆ ಎಂದು ಲೆಕ್ಕ ಹಾಕಿ ತೋರಿಸಿದ ಪುಸ್ತಕ ಅದು.

ಮೈಸೂರಿನಲ್ಲಿ ನಾಲೆಗಳ ಅಧಿಕಾರಿಯಾಗಿದ್ದು, ಕನ್ನಡ ಕಲಿತು, 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ಮಾಡಿ ಆನೆ ಹಿಡಿದ ಸ್ಯಾಂಡರ್ಸನ್ ಇನ್ನೊಂದು ತುದಿಯವನು. ಆನೆ, ಕಾಟಿಗೆ ಅವನು ಹಿಡಿದದ್ದು ಎಂಟು ಬೋರು, ನಾಲ್ಕು ಬೋರು ಬಂದೂಕು. ಬೋರಿನ ಲೆಕ್ಕ ಇಂದಿಗೂ ಬಂದೂಕಿನಂಗಡಿಯಲ್ಲಿ ನಡೆಯುವುದೇ: ಒಂದು ಪೌಂಡು ಸೀಸದಲ್ಲಿ ನಳಿಗೆಗೆ ಸರಿಹೊಂದುವ ದುಂಡು ಗುಂಡು ಎಷ್ಟು ಆಗುತ್ತವೋ ಅದೇ ಬೋರು. ಹನ್ನೆರಡು ಬೋರಿನ ಗುಂಡು 38 ಗ್ರಾಂ, ನಾಲ್ಕು ಬೋರಿನದು 113 ಗ್ರಾಂ. ಸಂಖ್ಯೆ ಇಳಿದಷ್ಟೂ ಹೆಗಲಿಗೆ ಬೀಳುವ ಒದೆತ ಏರುತ್ತದೆ.

ನಮ್ಮ ಬಯಲುಸೀಮೆಗೆ ಇವೆರಡೂ ಅಷ್ಟಾಗಿ ಹೊಂದುವುದಿಲ್ಲ. ಅಥಣಿ, ಕಾಗವಾಡದ ಎರೆಮಣ್ಣಿನ ಬಯಲಿನಲ್ಲಿ ಮರ ಕಡಿಮೆ, ದೃಷ್ಟಿ ದೂರ. ಚಿಗರಿ ಮನುಷ್ಯನನ್ನು ಕಾಣುವುದು ಮನುಷ್ಯ ಚಿಗರಿಯನ್ನು ಕಾಣುವ ಮೊದಲೇ. ರಾಯಬಾಗ ಆಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಕೊಲ್ಲಾಪುರದ ಅರಮನೆಯವರು ಇಂಥ ಬಯಲಿಗೆ ಗುಂಡನ್ನೇ ಬಿಟ್ಟು ಬೇರೆ ಉಪಾಯ ಹಿಡಿದರು: ಪಳಗಿಸಿದ ಚೀತಾಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಚಿಗರಿಯ ಹಿಂಡಿನ ಮೇಲೆ ಬಿಡುವುದು. ಇಪ್ಪತ್ತನೆಯ ಶತಮಾನದಲ್ಲಿ ದೇಶದ ಚೀತಾ ಸಿಗುವುದು ನಿಂತಾಗ ಆಫ್ರಿಕದಿಂದ ತರಿಸಿದರು. ಮುಧೋಳದವರಿಗೆ ಅವರ ಬೇಟೆನಾಯಿ ಇತ್ತು.

ದೂರಕ್ಕೆ ಹೊಡೆಯಲು ಹೊಸ ಮದ್ದು ಬೇಕಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಹೊಗೆ ಬಾರದ ಮದ್ದು ಮಾಡಿದ. ಕರಿಮದ್ದಿಗಿಂತ ಎಷ್ಟೋ ಬಲವಾದದ್ದು. ಅದರ ವೇಗಕ್ಕೆ ಬರಿಯ ಸೀಸ ನಳಿಗೆಯಲ್ಲೇ ಉಜ್ಜಿ ಅಂಟಿಕೊಳ್ಳುತ್ತದೆ. ಸ್ವಿಸ್ ಅಧಿಕಾರಿ ಎಡ್ವರ್ಡ್ ರೂಬಿನ್ ಆಗಲೇ ಸೀಸಕ್ಕೆ ತಾಮ್ರದ ಅಂಗಿ ತೊಡಿಸಿದ್ದ. ಎರಡೂ ಸೇರಿ ಸಣ್ಣ ಬಾಯಿಯ, ವೇಗದ ರೈಫಲ್ ಬಂತು: ಬ್ರಿಟಿಷರ .303, ಸುಮಾರು 14 ಗ್ರಾಂ ಗುಂಡು, ಸೆಕೆಂಡಿಗೆ 600 ಮೀಟರು. ಇಳಿತ ಕಡಿಮೆ, ಹೊಗೆ ಇಲ್ಲ, ಸಿಪಾಯಿ ಎರಡರಷ್ಟು ಗುಂಡು ಹೊರಬಹುದು.

ದೋಷ ಕಂಡದ್ದು ಗುಂಡು ಮೈಯೊಳಗೆ ಹೊಕ್ಕಾಗ. ವಾಯವ್ಯ ಗಡಿಯ ಚಿತ್ರಾಲಿಗೆ 1895ರಲ್ಲಿ ಬ್ರಿಟಿಷರು ಮಾಡಿದ ದಂಡಯಾತ್ರೆಯಿಂದ ಬಂದ ದೂರು: ಗುಂಡು ಬಿದ್ದವನು ಬೀಳುವುದಿಲ್ಲ, ಓಡಿಬರುತ್ತಲೇ ಇರುತ್ತಾನೆ. ಗಟ್ಟಿ ಅಂಗಿಯ ಸಣ್ಣ ಗುಂಡು ಸೂಜಿ ತೂತು ಮಾಡಿ ಆಚೆ ಹೋಗಿಬಿಡುತ್ತಿತ್ತು; ತನ್ನ ಶಕ್ತಿಯ ಬಹುಪಾಲನ್ನು ತನ್ನ ಜೊತೆಗೇ ಒಯ್ಯುತ್ತಿತ್ತು. ಬೇಟೆಗಾರರಿಗೆ ಇದು ಗೊತ್ತಿದ್ದ ಸಂಗತಿ. ಅವರ ಎಕ್ಸ್‌ಪ್ರೆಸ್ ರೈಫಲಿನ ಸೀಸದ ಗುಂಡಿಗೆ ಮೂತಿಯಲ್ಲೇ ತೂತಿರುತ್ತಿತ್ತು, ಹೊಕ್ಕ ಕೂಡಲೇ ಅದು ಅಣಬೆಯಾಗುತ್ತಿತ್ತು.

ದಮ್‌ದಮ್ ಮತ್ತೆ ಬಂತು, ನಲವತ್ತು ವರ್ಷದ ನಂತರ. ಅಲ್ಲಿನ ಶಸ್ತ್ರಾಗಾರದ ಮೇಲ್ವಿಚಾರಕ ಕ್ಯಾಪ್ಟನ್ ಬರ್ಟಿ ಕ್ಲೇ .303 ಗುಂಡಿನ ಅಂಗಿಯನ್ನು ಮೂತಿಯಲ್ಲಿ ಒಂದಿಷ್ಟು ಕತ್ತರಿಸಿ ಸೀಸವನ್ನು ಹೊರಗೆ ಬಿಟ್ಟ. ಅಷ್ಟೇ ಬದಲಾವಣೆ, ಮಿಲಿಮೀಟರುಗಳ ಲೆಕ್ಕದ್ದು. ಗಾಳಿಯಲ್ಲಿ ಗುಂಡು ಮೊದಲಿನಂತೆಯೇ ಹಾರಿತು. ಮೈಗೆ ಹೊಕ್ಕಾಗ ಮೆತ್ತನೆಯ ಮೂತಿ ಚಪ್ಪಟೆಯಾಗಿ ಹರಡಿ, ಅಲ್ಲೇ ನಿಂತು, ಶಕ್ತಿಯನ್ನೆಲ್ಲ ಅಲ್ಲೇ ಖರ್ಚು ಮಾಡಿತು. ಬೆಂಡಿನ ಯುಕ್ತಿಯಲ್ಲಿ ಗುಂಡಿನ ಬುಡ ಅರಳಿತ್ತು, ಇಲ್ಲಿ ಮೂತಿ.

ಯಾಕೆ ಹೀಗಾಗುತ್ತದೆ ಎಂದು ಅದೇ ಹೊತ್ತಿಗೆ ಬೆರ್ನಿನಲ್ಲಿ ಹುಡುಕುತ್ತಿದ್ದವನು ಥಿಯೋಡೋರ್ ಕೋಖರ್, ಮುಂದೆ 1909ರಲ್ಲಿ ಬೇರೆ ಕೆಲಸಕ್ಕೆ ನೊಬೆಲ್ ಪಡೆದ ಶಸ್ತ್ರವೈದ್ಯ. ನೀರು ತುಂಬಿದ ಡಬ್ಬ, ಜೆಲಟಿನ್ ಗಟ್ಟಿ, ಇವುಗಳಿಗೆ ಗುಂಡು ಹಾರಿಸಿದ. ಖಾಲಿ ಡಬ್ಬದಲ್ಲಿ ಎರಡು ತೂತು. ತುಂಬಿದ ಡಬ್ಬ ಸಿಡಿದು ಚೂರು. ಮೈ ಎಂದರೆ ಬಹುಪಾಲು ನೀರು. ವೇಗದ ಗುಂಡು ನೀರನ್ನು ಎಲ್ಲ ದಿಕ್ಕಿಗೂ ತಳ್ಳುತ್ತದೆ. ಗುಂಡು ಹೋದ ದಾರಿಗಿಂತ ಎಷ್ಟೋ ಅಗಲದ ಪೊಳ್ಳು ಒಂದು ಕ್ಷಣ ಉಬ್ಬಿ ಮುಚ್ಚಿಕೊಳ್ಳುತ್ತದೆ. ಗುಂಡು ಅರಳಿದರೆ ಆ ಪೊಳ್ಳು ಇನ್ನೂ ದೊಡ್ಡದು. ಇಂದಿಗೂ ಗುಂಡಿನ ಪರೀಕ್ಷೆ ನಡೆಯುವುದು ಜೆಲಟಿನ್ ಗಟ್ಟಿಯಲ್ಲೇ.

1898ರಲ್ಲಿ ಟ್ಯೂಬಿಂಗನ್ನಿನ ಪ್ರೊಫೆಸರ್ ಬ್ರುನ್ಸ್ ಇಂಥ ಗುಂಡಿನ ಭೀಕರ ಗಾಯಗಳನ್ನು ಪ್ರಕಟಿಸಿದಾಗ ಯೂರೋಪು ಬೆಚ್ಚಿತು. ಬ್ರಿಟಿಷರು ತಕರಾರು ತೆಗೆದರು: ಅವನು ಪರೀಕ್ಷಿಸಿದ್ದು ದಮ್‌ದಮ್ ಗುಂಡನ್ನಲ್ಲ, ಮೌಸರ್ ರೈಫಲಿನ ಬೇಟೆ ಗುಂಡನ್ನು, ಅದರಲ್ಲಿ ಸೀಸ ಬಹಳ ಹೆಚ್ಚು ಹೊರಗಿರುತ್ತದೆ. ಈ ತಕರಾರು ನಿಜವಿತ್ತು, ಆದರೆ ಉಪಯೋಗವಾಗಲಿಲ್ಲ. ಅರಳುವ ಗುಂಡನ್ನು ಯುದ್ಧದಲ್ಲಿ ಬಳಸಬಾರದೆಂದು ಹೇಗ್ ಸಮ್ಮೇಳನದಲ್ಲಿ ಘೋಷಣೆಯಾಯಿತು. ತಾರೀಖು 1899ರ ಜುಲೈ 29. ರಾಬಿನ್ಸ್ ಸತ್ತ ದಿನ. ರಾಬಿನ್ಸನ ಕಾಲದ ಇಂಗ್ಲಿಷ್ ಪಂಚಾಂಗ ಹಳೆಯದು, ಹನ್ನೊಂದು ದಿನ ಹಿಂದಿತ್ತು. ಹಾಗಾಗಿ ಈ ಕಾಕತಾಳೀಯವೂ ಪೂರ್ತಿ ಸಾಚಾ ಅಲ್ಲ. ಬ್ರಿಟನ್ ಸಹಿ ಮಾಡಿದ್ದು 1907ರಲ್ಲಿ.

ಅಂದಿನಿಂದ ಲೆಕ್ಕ ತಲೆಕೆಳಗು. ಮನುಷ್ಯನಿಗೆ ಹೊಡೆಯುವ ಗುಂಡು ಪೂರ್ತಿ ಅಂಗಿ ತೊಟ್ಟಿರಬೇಕು. ಪ್ರಾಣಿಗೆ ಹೊಡೆಯುವುದು ಅರಳಲೇಬೇಕು. ಜಿಂಕೆ ಬೇಟೆಗೆ ಪೂರ್ತಿ ಅಂಗಿಯ ಗುಂಡು ಬಳಸುವುದನ್ನು ಎಷ್ಟೋ ದೇಶಗಳ ಕಾನೂನು ತಡೆಯುತ್ತದೆ, ಗಾಯಗೊಂಡ ಪ್ರಾಣಿ ಮೈಲಿಗಟ್ಟಲೆ ಓಡಿ ನರಳಿ ಸಾಯುತ್ತದೆಂಬ ಕಾರಣಕ್ಕೆ. ಎರಡಕ್ಕೂ ಹೇಳುವ ಹೆಸರು ದಯೆ. ಬಯಲಿನಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ: ಹಾದುಹೋದ ಗುಂಡಿಗೆ ಅಡ್ಡ ಗುಡ್ಡವಿಲ್ಲ. ಆಧುನಿಕ ರೈಫಲ್ ಗುಂಡು ಮೂರು ಕಿಲೋಮೀಟರಿಗೂ ಆಚೆ ಹೋಗಬಲ್ಲದು, ಅಷ್ಟರಲ್ಲಿ ಒಂದು ಊರು ಬರುತ್ತದೆ.

ಇಲ್ಲಿನ ಬ್ರಿಟಿಷ್ ಸರ್ಕಾರಕ್ಕೆ ಗುಂಡಿನ ಆಕಾರಕ್ಕಿಂತ ಅಳತೆಯದೇ ಚಿಂತೆಯಾಗಿತ್ತು. ಸೈನ್ಯದ ಕಾಡತೂಸು ಜನರ ಕೈಗೆ ಸಿಗಬಾರದೆಂದು .303, .450 ಅಳತೆಗಳನ್ನು ಜನಕ್ಕೆ ನಿಷೇಧಿಸಿತು. ಇಂಗ್ಲೆಂಡಿನ ಬಂದೂಕು ತಯಾರಕರು ಭಾರತದ ಗಿರಾಕಿಗಾಗಿ .465, .470 ಎಂದು ಕೂದಲೆಳೆಯ ಅಂತರದಲ್ಲಿ ಹೊಸ ಅಳತೆ ಹುಟ್ಟಿಸಿದರು. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಜೀವನವಿಡೀ ನಂಬಿದ್ದು .405 ವಿಂಚೆಸ್ಟರ್; ತೇಜಸ್ವಿಯವರ ಕನ್ನಡದಲ್ಲಿ ಅವನ ನರಭಕ್ಷಕಗಳ ಕತೆ ಓದಿದವರಿಗೆ ಆ ಬಂದೂಕು ಪರಿಚಯ. ಜನಸಾಮಾನ್ಯನ ಪಾಲಿಗೆ ಬಂದದ್ದು .315, ಅಸಲಿಗೆ ಆಸ್ಟ್ರಿಯಾದ ಮಾನ್‌ಲಿಖರ್ ಕಾಡತೂಸು. ಸ್ವಾತಂತ್ರ್ಯದ ನಂತರವೂ ಸರ್ಕಾರಿ ಕಾರ್ಖಾನೆ ಅದೇ ಅಳತೆಯ ರೈಫಲ್ ಮಾಡುತ್ತಾ ಬಂದಿದೆ. ನಿಪ್ಪಾಣಿಯ ಮೂಲಕ ಹಾದುಹೋಗುವ ಹೆದ್ದಾರಿಯ ಪುಣೆ ತುದಿಯಲ್ಲಿ, ಖಡಕಿಯಲ್ಲಿ, 1869ರಿಂದ ಗುಂಡು ಮಾಡುವ ಕಾರ್ಖಾನೆ ಇದೆ. ಹನ್ನೆರಡು ಬೋರಿನ ಶಕ್ತಿಮಾನ್ ತೋಟಾ ಅಲ್ಲಿಯದೇ.

ಅರಳುವ ಸೀಸದ ಇನ್ನೊಂದು ಗುಣ ಗೊತ್ತಾದದ್ದು ತೀರಾ ಈಚೆಗೆ. ಅರಳುವಾಗ ಅದು ಚೂರು ಉದುರಿಸುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಚೂರು. ಬೇಟೆಯಾದ ಪ್ರಾಣಿಯನ್ನು ಕ್ಷಕಿರಣದಲ್ಲಿ ನೋಡಿದರೆ ಗಾಯದಿಂದ ಒಂದು ಗೇಣು ಆಚೆಗೂ ಬಿಳಿ ಚುಕ್ಕೆ. ಅಮೆರಿಕದಲ್ಲಿ ಬೇಟೆಗಾರರು ಬಿಟ್ಟುಹೋದ ಕರುಳು ತಿಂದ ಕಾಂಡೋರ್ ರಣಹದ್ದುಗಳು ಸೀಸದ ವಿಷಕ್ಕೆ ಸತ್ತವು. ಕ್ಯಾಲಿಫೋರ್ನಿಯಾ 2019ರಿಂದ ಬೇಟೆಗೆ ಸೀಸವನ್ನೇ ನಿಷೇಧಿಸಿತು. ಈಗ ಪೂರ್ತಿ ತಾಮ್ರದ ಗುಂಡು ಬಂದಿದೆ, ಮೂತಿಯಲ್ಲಿ ತೂತು, ಹೊಕ್ಕಾಗ ದಳದಳವಾಗಿ ಬಿಚ್ಚಿಕೊಳ್ಳುತ್ತದೆ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ, ಮುಂದಿನ ತಿದ್ದುಪಡಿಗಳೊಂದಿಗೆ, ಬೇಟೆಯನ್ನೇ ನಿಲ್ಲಿಸಿತು. ಚಿಗರಿ ಅದರ ಮೊದಲ ಪಟ್ಟಿಯಲ್ಲಿದೆ. ಆದರೆ ಬಂದೂಕಿನ ಪರವಾನಗಿ ನಡೆಯುವುದು 1959ರ ಆಯುಧ ಕಾಯ್ದೆಯ ಮೇಲೆ. ಅದರ 13ನೆಯ ಕಲಮಿನಲ್ಲಿ ಬೆಳೆ ಕಾಯುವ ರೈತನಿಗೆಂದೇ ಒಂದು ಬಂದೂಕಿನ ಹೆಸರಿದೆ. ರೈಫಲ್ ಅಲ್ಲ, ತೋಟಾ ಹಾಕುವುದೂ ಅಲ್ಲ. ಮೂತಿಯಿಂದ ಮದ್ದು ತುಂಬುವ ಬಂದೂಕು, ಹಲಗಲಿಯವರು ಕೊಡಲು ಒಪ್ಪದೆ ಸತ್ತಂಥದ್ದೇ. ಹೊಲಕ್ಕೆ ಬಂದ ಹಂದಿಗೆ ಅದನ್ನು ಹಾರಿಸಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಪಡೆಯಬೇಕು.